ಪಂಚಾಯಿತಿಗೆ ಬಂದ ಕೇಬಲ್ ಮನೆಗೆ ಬಂದಂತಲ್ಲ

ಹಳ್ಳಿಗಳಿಗೆ ಇಂಟರ್ನೆಟ್ ಒಯ್ಯುವ ಸರ್ಕಾರಿ ಯೋಜನೆಯಾದ ಭಾರತ್‌ನೆಟ್‌ನ ಕೇಬಲ್ ಗ್ರಾಮ ಪಂಚಾಯಿತಿಯನ್ನು ತಲುಪಿದರೆ ಹಳ್ಳಿಯ ಇಂಟರ್ನೆಟ್ ಸಮಸ್ಯೆ ಬಹುಪಾಲು ಮುಗಿದಂತೆ ಎಂದು ನಿಮ್ಮಲ್ಲಿ ಪ್ರಕಟವಾದ ಲೇಖನವೊಂದು ಹೇಳಿದೆ. ಲೇಖಕರ ಆ ಮಾತನ್ನು ನಾನು ಒಪ್ಪಲಾರೆ. ಮಲೆನಾಡಿನ ನಮ್ಮ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಆ ಕೇಬಲ್ ಬಂದು ಸೇರುವ ಪೆಟ್ಟಿಗೆ ಇದೆ. ಆದರೆ ಬ್ಯಾಟರಿ ಕೆಟ್ಟು ಎರಡು ವರ್ಷವಾದ್ದರಿಂದ ಮಳೆಗೆ ಕರೆಂಟು ಹೋದೊಡನೆ ಅದರ ಹಸಿರು ದೀಪವೂ ಆರುತ್ತದೆ, ವಿದ್ಯಾರ್ಥಿವೇತನದ ಅರ್ಜಿ ತುಂಬಲು ಮಕ್ಕಳು ಈಗಲೂ ಕೊಡೆ ಹಿಡಿದು ಸಿಗ್ನಲ್ ಸಿಗುವ ಗುಡ್ಡ ಹತ್ತುತ್ತಾರೆ.

2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಎಂಬ ಸಾರ್ವಜನಿಕ ವೈಫೈ ಯೋಜನೆಯಡಿ ಕಿರಾಣಿ ಅಂಗಡಿಯವರೂ ಪರವಾನಗಿಯಿಲ್ಲದೆ ವೈಫೈ ಕೊಡಬಹುದು. ಆದರೆ ಅವರಿಗೆ ಸಂಪರ್ಕ ಮಾರುವ ಕಂಪನಿಗಳು ಮನೆ ದರದ ಎರಡು ಪಟ್ಟಿಗಿಂತ ಹೆಚ್ಚು ಕೇಳಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಮಿತಿ ಹಾಕಿದ್ದು 2025ರ ಜೂನ್‌ನಲ್ಲಿ. ಆ ನಾಲ್ಕೂವರೆ ವರ್ಷ ಯಾವ ಚಿಕ್ಕ ಅಂಗಡಿಯವನು ಲೀಸ್ಡ್ ಲೈನಿನ, ಅಂದರೆ ಒಬ್ಬರಿಗೇ ಮೀಸಲಾದ ದುಬಾರಿ ಸಂಪರ್ಕದ, ಬೆಲೆ ತೆತ್ತು ಹತ್ತು ರೂಪಾಯಿಗೆ ಇಂಟರ್ನೆಟ್ ಕೊಡಬಲ್ಲವನಾಗಿದ್ದ?

ಗ್ರಾಹಕರ ರಕ್ಷಣೆಯ ಬಗ್ಗೆ ಲೇಖನ ಒಂದೇ ಸಾಲಿನಲ್ಲಿ ಮುಗಿಸಿದ್ದು ಬೇಸರ ತಂದಿತು. ಟ್ರಾಯ್ ವೈಯಕ್ತಿಕ ದೂರುಗಳನ್ನು ವಿಚಾರಿಸುವುದಿಲ್ಲ. ದೂರನ್ನು ಸಂಪರ್ಕ ಕೊಟ್ಟ ಕಂಪನಿಗೇ ಕೊಡಬೇಕು, ಮೇಲ್ಮನವಿಯನ್ನೂ ಅದೇ ಕಂಪನಿಯೊಳಗಿನ ಪ್ರಾಧಿಕಾರಕ್ಕೇ ಸಲ್ಲಿಸಬೇಕು. ‘ನಿಮ್ಮ ದೂರು ಪರಿಹಾರವಾಗಿದೆ’ ಎಂಬ ಸಂದೇಶ ನನಗೆ ಬಂದಾಗ ಮುರಿದುಬಿದ್ದ ಅಡಿಕೆ ಮರದ ಕೆಳಗೆ ನಮ್ಮ ಲೈನು ತುಂಡಾಗಿಯೇ ಬಿದ್ದಿತ್ತು.