ಹಳಸಿದ ಆಬ್ಜೆಕ್ಟಿಗೆ ನಾನು ಹೊಣೆಯೇ?

ಬಳಕೆದಾರರು ಲಾಗಿನ್ ಆದ ಕ್ಷಣದಲ್ಲೇ ಅವರ ಇಡೀ ದಾಖಲೆಯನ್ನು ಡೇಟಾಬೇಸಿನಿಂದ ಎತ್ತಿ, ವೆಬ್ ಸೆಷನ್ನಿನೊಳಗೆ (ಲಾಗಿನ್ ಆದವರನ್ನು ಸರ್ವರ್ ನೆನಪಿಟ್ಟುಕೊಳ್ಳುವ ಜಾಗ) ತುರುಕಿಡುವ ಕೋಡನ್ನು ಬರೆದ ಪುಣ್ಯಾತ್ಮರು ಕೆಲಸ ಬಿಟ್ಟು ಹೋಗಿ ಬಹಳ ಕಾಲವಾಗಿದೆ. ಆ ಪಾಪವನ್ನು ತೊಳೆಯುವ ಕೆಲಸ ಮಾತ್ರ ಮೂರು ವಾರಗಳಿಂದ ನನ್ನ ಕೊರಳಿಗೆ ಬಿದ್ದಿದೆ.

ಗ್ರಾಹಕರೊಬ್ಬರು ಬೆಳಿಗ್ಗೆ ಒಂಬತ್ತಕ್ಕೆ ಲಾಗಿನ್ ಆಗಿರುತ್ತಾರೆ. ಹತ್ತೂವರೆಗೆ ನಮ್ಮ ಸಿಬ್ಬಂದಿಯೊಬ್ಬರು ಅವರ ಫೋನ್ ಸಂಖ್ಯೆಯನ್ನು ತಿದ್ದುತ್ತಾರೆ. ಹತ್ತು ಮುಕ್ಕಾಲಿಗೆ ಆ ಗ್ರಾಹಕರು ತಮ್ಮ ಹೆಸರಿನ ಒಂದು ಅಕ್ಷರವನ್ನು ಸರಿಪಡಿಸಿ ‘ಉಳಿಸಿ’ ಗುಂಡಿಯನ್ನು ಒತ್ತಿದರೆ, ಒಂಬತ್ತರಿಂದ ಸೆಷನ್ನಿನಲ್ಲೇ ಕುಳಿತು ಹಳಸಿದ ಆಬ್ಜೆಕ್ಟನ್ನು, ಅಂದರೆ ದಾಖಲೆಯ ಆ ಹಳೆಯ ಪ್ರತಿಯನ್ನು, ಹೈಬರ್ನೇಟ್ (ಜಾವಾ ಕೋಡಿಗೂ ಡೇಟಾಬೇಸಿಗೂ ನಡುವಿನ ಲೈಬ್ರರಿ) ಇಡಿಯಾಗಿ ಡೇಟಾಬೇಸಿಗೆ ಮರ್ಜ್ ಮಾಡುತ್ತದೆ, ಹೊಸ ಸಂಖ್ಯೆಯ ಮೇಲೆ ಹಳೆಯ ಸಂಖ್ಯೆ ಬಂದು ಕೂರುತ್ತದೆ. ಎಕ್ಸೆಪ್ಷನ್ (ಎಡವಟ್ಟಾದಾಗ ಕೋಡ್ ಎತ್ತುವ ದೋಷಸೂಚನೆ) ಇಲ್ಲ, ಲಾಗ್ ಫೈಲಿನಲ್ಲಿ ಒಂದು ಸಾಲೂ ಇಲ್ಲ. ನಮ್ಮ ವೆಬ್ ಸರ್ವರಾದ ಟಾಮ್‌ಕ್ಯಾಟನ್ನು ಅದರ ಪಾಡಿಗೆ ಬಿಟ್ಟಿದ್ದರೆ 30 ನಿಮಿಷ ಬಳಕೆಯಿಲ್ಲದ ಸೆಷನ್ನನ್ನು ಅದೇ ಮುಗಿಸುತ್ತಿತ್ತು. ನಮ್ಮವರು ಅದನ್ನೂ ಎಂಟು ಗಂಟೆಗೆ ಏರಿಸಿಟ್ಟಿದ್ದಾರೆ.

ಟೇಬಲಿನಲ್ಲಿ ಪ್ರತಿ ತಿದ್ದುಪಡಿಗೂ ಬದಲಾಗುವ ವರ್ಷನ್ ಕಾಲಂ ಒಂದಿದ್ದರೆ, ಹಳೆಯ ಪ್ರತಿಯನ್ನು ಉಳಿಸಲು ಹೊರಟಾಗ ಹೈಬರ್ನೇಟ್ ತಾನೇ ತಡೆಯುತ್ತಿತ್ತು. ಅದನ್ನು ಸೇರಿಸೋಣವೆಂದರೆ ‘ಬಳಕೆದಾರರಿಗೆ ಎರರ್ ಕಾಣಿಸಕೂಡದು’ ಎಂಬ ಉತ್ತರ ಬರುತ್ತದೆ. ಅಂದರೆ ಅವರ ಮಾಹಿತಿ ಸದ್ದಿಲ್ಲದೆ ಅಳಿದುಹೋದರೆ ಅಡ್ಡಿಯಿಲ್ಲ!

ಇದೇ ಆಬ್ಜೆಕ್ಟಿನಿಂದ ಇನ್ನೊಂದು ಪುಟದಲ್ಲಿ ಆರ್ಡರುಗಳನ್ನು ತೋರಿಸಲು ಹೋದಾಗ ಹಿಂದೊಮ್ಮೆ ಲೇಜಿ ಇನಿಷಿಯಲೈಸೇಷನ್ ಎಕ್ಸೆಪ್ಷನ್ (ಬೇಕಾದಾಗ ತರೋಣವೆಂದು ಬಿಟ್ಟಿದ್ದ ಮಾಹಿತಿಯನ್ನು ತರಲಾಗದ ದೋಷ) ಬಂದಿತ್ತಂತೆ. ಬರದೇ ಇರುತ್ತದೆಯೇ? ಆ ಹೊತ್ತಿಗೆ ಡೇಟಾಬೇಸಿನಿಂದ ಮಾಹಿತಿ ತರುವ ಹೈಬರ್ನೇಟಿನ ಸೆಷನ್ ಮುಚ್ಚಿ, ವೆಬ್ ಸೆಷನ್ ಮಾತ್ರ ಉಳಿದಿರುತ್ತದೆ. (ಎರಡಕ್ಕೂ ಒಂದೇ ಹೆಸರಿಟ್ಟವರ ಮೇಲೆ ನನಗೆ ಬೇರೆಯೇ ಸಿಟ್ಟಿದೆ.) ಅದಕ್ಕೆ ಇವರು ಕಂಡುಕೊಂಡ ಪರಿಹಾರವೆಂದರೆ ದಾಖಲೆಯ ಎಲ್ಲ ಸಂಬಂಧಗಳನ್ನೂ ಈಗರ್ ಮಾಡಿದ್ದು, ಅಂದರೆ ಅದಕ್ಕೆ ಜೋಡಿಸಿದ್ದೆಲ್ಲವನ್ನೂ ಮೊದಲೇ ಒಟ್ಟಿಗೆ ತರಿಸಿದ್ದು. ಹಳೆಯ ಗ್ರಾಹಕರು ಲಾಗಿನ್ ಆದರೆ ಈಗ ವರ್ಷಗಟ್ಟಲೆಯ ಆರ್ಡರುಗಳೆಲ್ಲ ಮೆಮೊರಿಗೆ ಬಂದು ಬೀಳುತ್ತವೆ.

ಸೆಷನ್ನಿನಲ್ಲಿ ಬಳಕೆದಾರರ ಐಡಿಯನ್ನು ಮಾತ್ರ ಇಟ್ಟು, ಪ್ರತಿ ರಿಕ್ವೆಸ್ಟಿಗೂ ದಾಖಲೆಯನ್ನು ಹೊಸದಾಗಿ ಓದೋಣವೆಂದು ನಾನು ಎರಡು ಬಾರಿ ಬರೆದುಕೊಟ್ಟಿದ್ದೇನೆ. ಪ್ರೈಮರಿ ಕೀ (ಇಲ್ಲಿ ಆ ಐಡಿಯೇ) ಹಿಡಿದು ಒಂದು ಸಾಲನ್ನು ತರುವುದಕ್ಕೆ ‘ನಿಧಾನವಾಗುತ್ತದೆ’ ಎಂದು ತಲೆಯಾಡಿಸಿದವರಲ್ಲಿ ಒಬ್ಬರೂ ಅದನ್ನು ಅಳೆದು ನೋಡಿಲ್ಲ.

ನಿನ್ನೆ ಅದೇ ಫೋನ್ ಸಂಖ್ಯೆಯ ದೂರು ನಾಲ್ಕನೆಯ ಬಾರಿ ಬಂದಿತು. ‘ನಮ್ಮಲ್ಲಿ ಈ ದೋಷ ಕಾಣಿಸಲಿಲ್ಲ’ ಎಂದು ಬರೆದು ಟೆಸ್ಟಿಂಗ್ ತಂಡದವರು ಸಂಜೆಯೊಳಗೆ ಟಿಕೆಟನ್ನು ಮುಚ್ಚಿಬಿಟ್ಟರು. ಕಾಣಿಸುವುದಾದರೂ ಹೇಗೆ? ಪ್ರತಿ ಸಲವೂ ಅವರು ಹೊಸದಾಗಿ ಲಾಗಿನ್ ಆಗಿಯೇ ಪರೀಕ್ಷಿಸುತ್ತಾರೆ.