ಉದ್ದಣ್ಣನ ಹಾಫ್ ಕ್ಲಚ್

6 ಅಡಿ 9 ಇಂಚಿನ ಮನುಷ್ಯ ಬಾಗಿಲು ತಟ್ಟಿದರೆ ಮೊದಲು ಕಾಣುವುದು ಅವನ ಎದೆ. ಮುಖ ನೋಡಬೇಕು ಅಂದರೆ ಒಂದೋ ನಾವು ಹಿಂದೆ ಸರಿಯಬೇಕು, ಇಲ್ಲಾ ಅವನು ಬಗ್ಗಬೇಕು. ಆ ಶನಿವಾರ ಸಂಜೆ ಅವನೇ ಬಗ್ಗಿದ. ಕೈಯಲ್ಲಿ ಕಾರಿನ ಕೀ ಇತ್ತು.

"ಬ್ರೋ, ನಿನಗೆ ಗೇರ್ ಗಾಡಿ ಓಡಿಸೋಕೆ ಬರುತ್ತಾ?"

ಕೇಳಿದ್ದು ಇಂಗ್ಲಿಷಿನಲ್ಲೇ. ಧ್ವನಿ ಮಾತ್ರ ನಮ್ಮೂರಲ್ಲಿ ಕೈಸಾಲ ಕೇಳುವವರದ್ದು.

ನಾನಿರುವುದು ಜರ್ಮನಿಯ ಒಂದು ಸಣ್ಣ ಊರಿನಲ್ಲಿ. ಸಾಫ್ಟ್‌ವೇರ್ ಕೆಲಸ. ನಮ್ಮ ಮೇಲಿನ ಮನೆಯನ್ನು ಊರಿನ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನವರು ಬಾಡಿಗೆಗೆ ಹಿಡಿದಿದ್ದರು. ಅಲ್ಲಿಗೆ ಬಂದಿಳಿದವನು ಈ ಅಮೆರಿಕದ ಆಟಗಾರ. ಹೊರದೇಶದ ಆಟಗಾರನಿಗೆ ಸಂಬಳದ ಜೊತೆ ಮನೆ, ಕಾರು ಕೊಡುವುದು ಯುರೋಪಿನ ಕ್ಲಬ್‌ಗಳಲ್ಲಿ ರೂಢಿ. ಮನೆ ಕೊಟ್ಟರು, ಮಂಚ ಚಿಕ್ಕದು. ನಮ್ಮ ದೊಡ್ಡ ಸೂಟ್‌ಕೇಸನ್ನು ಮಂಚದ ತುದಿಗೆ ಇಟ್ಟು ಅವನ ಕಾಲಿಗೆ ಜಾಗ ಮಾಡಿಕೊಟ್ಟಿದ್ದೆವು. ಕಾರು ಕೊಟ್ಟರು, ಅದೂ ಚಿಕ್ಕದು. ಸಾಲದ್ದಕ್ಕೆ ಕ್ಲಚ್ ಬೇರೆ. ಅಮೆರಿಕದಲ್ಲಿ ಹೆಚ್ಚುಕಮ್ಮಿ ಎಲ್ಲ ಆಟೊಮ್ಯಾಟಿಕ್ ಗಾಡಿಗಳೇ ಅಲ್ವಾ? ಮೂರು ಪೆಡಲ್ ನೋಡಿ ಇವನು, ಯಾರೋ ತಪ್ಪಿ ಒಂದನ್ನು ಜಾಸ್ತಿ ಹಾಕಿಬಿಟ್ಟಿದ್ದಾರೆ ಅಂದುಕೊಂಡನಂತೆ.

ಹೆಸರು ಬೇಡ. ನನ್ನ ಹೆಂಡತಿ ಮೊದಲ ದಿನವೇ 'ಉದ್ದಣ್ಣ' ಅಂತ ನಾಮಕರಣ ಮಾಡಿ ಮುಗಿಸಿದ್ದಳು.

ಭಾನುವಾರ ಇಲ್ಲಿ ಅಂಗಡಿಗಳೆಲ್ಲ ಬಂದ್. ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗ್ ಜಾಗ ಹಬ್ಬ ಮುಗಿದ ಮೈದಾನದ ಹಾಗೆ ಖಾಲಿ. ಅಲ್ಲೇ ಪಾಠ ಶುರು ಮಾಡಿದೆ. ಉದ್ದಣ್ಣ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದ. ಆದರೂ ಮಂಡಿ ಸ್ಟೀರಿಂಗಿನ ಎರಡೂ ಪಕ್ಕ ಎದ್ದು ನಿಂತಿತ್ತು. ಎಡಕ್ಕೆ ತಿರುಗಿಸಿದರೆ ಎಡ ಮಂಡಿಗೆ, ಬಲಕ್ಕೆ ತಿರುಗಿಸಿದರೆ ಬಲ ಮಂಡಿಗೆ ಅವನದೇ ಮುಷ್ಟಿ ಬಡಿಯುತ್ತಿತ್ತು. ಹಾಸನದ ಬಿ.ಎಂ. ರಸ್ತೆಯಲ್ಲಿ ಮಾರುತಿ 800 ಕಲಿಸಿದ ನನ್ನ ಗುರುಗಳನ್ನು ಮನಸ್ಸಿನಲ್ಲೇ ನೆನೆದು, "ಹಾಫ್ ಕ್ಲಚ್, ಹಾಫ್ ಕ್ಲಚ್" ಅಂತ ಜಪ ಮಾಡಿದೆ. ಅವನ ಬೂಟು ನನ್ನ ಮೊಣಕೈಯಷ್ಟು ಉದ್ದ. ಆ ಪಾದದಲ್ಲಿ ಅರ್ಧ ಎಂಬ ಲೆಕ್ಕವೇ ಇರಲಿಲ್ಲ. ಕಾರು ಕಪ್ಪೆಯ ಹಾಗೆ ನೆಗೆದು ಆಫ್ ಆಯಿತು. ಹದಿನೇಳು ಸಲ. ಎದುರು ಮನೆಯ ಬಾಲ್ಕನಿಯಲ್ಲಿ ಒಬ್ಬ ಅಜ್ಜ ಕಾಫಿ ಹಿಡಿದು ನಿಂತು ಒಂದೊಂದನ್ನೂ ನೋಡಿದ. ಹದಿನೆಂಟನೆಯ ಸಲ ಗಾಡಿ ಸಲೀಸಾಗಿ ಹೊರಟಾಗ ಅಜ್ಜ ಕಪ್ ಕೆಳಗಿಟ್ಟು ಚಪ್ಪಾಳೆ ತಟ್ಟಿದ. ಉದ್ದಣ್ಣ ಖುಷಿಯಿಂದ ಎರಡೂ ಕೈ ಮೇಲೆತ್ತಿದ. ಮೇಲೆ ಟಾಪ್ ಇತ್ತು. ಕಾರು ನೇರ ಹೋಗಿ ತಳ್ಳುಗಾಡಿಗಳ ಸಾಲಿಗೆ ಮುತ್ತಿಟ್ಟಿತು.

ಮುಚ್ಚಿಹಾಕೋಣ ಅಂದರೆ ಆಗುವ ಕಾರಲ್ಲ ಅದು. ಪ್ರಾಯೋಜಕರ ಹೆಸರು, ಕ್ಲಬ್ಬಿನ ಲಾಂಛನ, ಬಾಗಿಲ ಮೇಲೆ ಉದ್ದಣ್ಣನ ಹೆಸರು ಮತ್ತು ನಂಬರು. ಎಲ್ಲಿ ತಪ್ಪಾಗಿ ನಿಲ್ಲಿಸಿದರೂ ಊರಿಗೆಲ್ಲ ಗೊತ್ತು. ಅವನು ಬೇರೆ ಊರಿಗೆ ಆಡಲು ಹೋಗಿದ್ದಾಗ ಒಮ್ಮೆ ಕೇಳಿಕೊಂಡು ನಾನೇ ಅಕ್ಕಿ ಮೂಟೆ ತರಲು ಒಯ್ದಿದ್ದೆ. ಸಿಗ್ನಲ್‌ನಲ್ಲಿ ಇಬ್ಬರು ಹುಡುಗರು ಓಡಿಬಂದು ಕಿಟಕಿಯೊಳಗೆ ಇಣುಕಿದರು. 5 ಅಡಿ 4 ಇಂಚಿನ ನಾನು ಸ್ಟೀರಿಂಗ್ ಹಿಡಿದು ನೇತಾಡುತ್ತಿದ್ದೆ. ಆ ಮಕ್ಕಳ ಮುಖದಲ್ಲಿ ಕಂಡ ನಿರಾಸೆಯನ್ನು ನಾನು ನನ್ನ ವಾರ್ಷಿಕ ರಿವ್ಯೂನಲ್ಲೂ ಕಂಡಿಲ್ಲ.

ಉದ್ದಣ್ಣನಿಗೆ ಆಗ 31 ವರ್ಷ, ನಮ್ಮೂರು ಏಳನೆಯ ದೇಶ. ಇವರ ಬದುಕೇ ಹಾಗೆ. ಹತ್ತು ತಿಂಗಳ ಕರಾರು, ಎರಡು ಬ್ಯಾಗು, ಒಬ್ಬ ಏಜೆಂಟ್. ಬೇಸಿಗೆಯಲ್ಲಿ ಫೋನ್ ಬಂದರೆ ಕೆಲಸ, ಬರದಿದ್ದರೆ ಅಮ್ಮನ ಮನೆ. ಅವನ ಕಣ್ಣೆಲ್ಲ ಪಿ.ಜೆ. ಟಕರ್ ಮೇಲೆ. 2006ರಲ್ಲಿ ಉತ್ತರ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಟೊರಾಂಟೊ ತಂಡ ಆರಿಸಿಕೊಂಡ ಟಕರ್ ಮರುವರ್ಷವೇ ಹೊರಬಿದ್ದು ಇಸ್ರೇಲ್, ಉಕ್ರೇನ್, ಇಟಲಿ ಅಂತ ಅಲೆದ. 2011-12ರಲ್ಲಿ ಇಲ್ಲೇ ಜರ್ಮನಿಯ ಬಾಂಬೆರ್ಗ್‌ನಲ್ಲಿ ಆಡಿ ಚಾಂಪಿಯನ್ ಆದ. ಬ್ಯಾಸ್ಕೆಟ್‌ಬಾಲ್ ಹುಚ್ಚಿಗೇ ಹೆಸರಾದ ಊರದು. ಅಲ್ಲಿಂದ ಎನ್‌ಬಿಎಗೆ ವಾಪಸ್ ಹೋಗಿ 2021ರಲ್ಲಿ ಮಿಲ್ವಾಕೀ ತಂಡದ ಜೊತೆ ಅಲ್ಲೂ ಪ್ರಶಸ್ತಿ ಗೆದ್ದ. ಇದನ್ನು ಉದ್ದಣ್ಣ ಸತ್ಯನಾರಾಯಣ ಕಥೆಯ ಹಾಗೆ ಭಕ್ತಿಯಿಂದ ಹೇಳುತ್ತಿದ್ದ. ನಮ್ಮ ಮನೆಯಲ್ಲಿ ದೋಸೆ ತಿನ್ನುತ್ತಾ ಹೇಳುತ್ತಿದ್ದುದರಿಂದ ಕಥೆ ಮುಗಿಯುವಷ್ಟರಲ್ಲಿ ಹಿಟ್ಟೂ ಮುಗಿಯುತ್ತಿತ್ತು.

"ರೀ, ನಮ್ಮ ದೇಶದವರು ಯಾರೂ ಹೀಗೆ ಹೋಗಿಲ್ವಾ?" ಅಂತ ಹೆಂಡತಿ ಕೇಳಿದಳು. ಹೋಗಿದ್ದಾರೆ. 2015ರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್, ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ. ಡಲ್ಲಾಸ್ ತಂಡ, 52ನೆಯ ಆಯ್ಕೆ. ಎನ್‌ಬಿಎ ಪಂದ್ಯ ಆಡಲು ಸಿಗಲಿಲ್ಲ, ಕೆನಡಾದಲ್ಲಿ ಆಡಿದ, ಕೊನೆಗೆ ಟಿವಿ ಕುಸ್ತಿಗೆ ಇಳಿದ. 2017ರಲ್ಲಿ ಅಮೃತ್‌ಪಾಲ್ ಸಿಂಗ್ ಆಸ್ಟ್ರೇಲಿಯಾದ ಸಿಡ್ನಿ ಕಿಂಗ್ಸ್ ತಂಡ ಸೇರಿದ. ಇಷ್ಟು ಹೇಳಿದ್ದಕ್ಕೆ ಅವಳು, "ಎಲ್ಲಾ ಗೋಧಿ ತಿಂದವರೇ" ಅಂದು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಬೇಗ ಮುಗಿಯುವ ನೋಟ ಅದು.

ಉದ್ದಣ್ಣ ಒಂದು ಪಂದ್ಯಕ್ಕೆ ಪಾಸ್ ಕೊಟ್ಟ. ಅಲ್ಲಿ ನಾನು ಮಾಡಿದ ಘನಕಾರ್ಯ ಹೇಳಲೇಬೇಕು. ಕೊನೆಯ ನಿಮಿಷ, ಒಂದೇ ಪಾಯಿಂಟ್ ಹಿಂದೆ, ಉದ್ದಣ್ಣನಿಗೆ ಎರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದ, ತಲಾ ಒಂದು ಪಾಯಿಂಟಿನ ಎಸೆತ. ಇಡೀ ಸ್ಟೇಡಿಯಂ ಗಪ್‌ಚಿಪ್. ನಾನು ಗಾಂಧಿ ಕ್ಲಾಸಿನಲ್ಲಿ ಸಿನಿಮಾ ನೋಡಿ ಬೆಳೆದವನು. ಹುಮ್ಮಸ್ಸು ತಡೆಯದೆ ಬಾಯಿಗೆ ಎರಡು ಬೆರಳಿಟ್ಟು ಹೊಡೆದೆ ನೋಡಿ ಒಂದು ಶಿಳ್ಳೆ! ಚೆಂಡು ರಿಂಗಿಗೆ ಬಡಿದು ಆಚೆ ಹೋಯಿತು. ಆಮೇಲೆ ಗೊತ್ತಾಯಿತು, ಇಲ್ಲಿ ಶಿಳ್ಳೆ ಅಂದರೆ ಛೀಮಾರಿ. ಎದುರಾಳಿ ಫ್ರೀ ಥ್ರೋ ಎಸೆಯುವಾಗ ಅವನ ದಿಕ್ಕು ತಪ್ಪಿಸಲು ಹೊಡೆಯುವಂಥದ್ದು. ಮುಂದಿನ ಸಾಲಿನ ಅಜ್ಜಿಯೊಬ್ಬಳು ಪೂರ್ತಿ ಹಿಂದಕ್ಕೆ ತಿರುಗಿ, ಮೆತ್ತಗೆ, ಬಹಳ ಹೊತ್ತು ಜರ್ಮನ್‌ನಲ್ಲಿ ಮಾತಾಡಿದಳು. ನನಗೆ ಅರ್ಥವಾಗಿದ್ದು ಅರ್ಧ. ಅಷ್ಟೇ ಸಾಕಾಗಿತ್ತು. ಎರಡನೆಯ ಎಸೆತ ಒಳಗೆ ಬಿದ್ದು ಆಟ ಸಮವಾಗಿ, ಹೆಚ್ಚುವರಿ 5 ನಿಮಿಷದಲ್ಲಿ ಗೆದ್ದರು. ಹಾಗಾಗಿ ನಾನಿನ್ನೂ ಈ ಊರಿನಲ್ಲಿದ್ದೇನೆ.

ಮನೆಗೆ ಬಂದು ಕ್ಷಮೆ ಕೇಳಿದೆ. ಉದ್ದಣ್ಣ ನಕ್ಕುಬಿಟ್ಟ. ಇದೆಲ್ಲ ಅವನಿಗೆ ಲೆಕ್ಕಕ್ಕೇ ಇಲ್ಲ. ಹಿಂದೆ ಆಡಿದ ಒಂದು ದೇಶದಲ್ಲಿ ಮೂರು ತಿಂಗಳು ಸಂಬಳವೇ ಆಗಿರಲಿಲ್ಲವಂತೆ. ಕೇಳಲು ಹೋದಾಗಲೆಲ್ಲ ಮ್ಯಾನೇಜರ್ ಕಾಫಿ ಕೊಟ್ಟು "ನಾಳೆ ಬಾ" ಅನ್ನುತ್ತಿದ್ದನಂತೆ. ನಮ್ಮ ಕಡೆ ಹಿಂದೆ ದೆವ್ವ ಓಡಿಸಲು ಮನೆ ಬಾಗಿಲ ಮೇಲೆ ಇದನ್ನೇ ಬರೆಯುತ್ತಿದ್ದರು ಅಂದೆ. "ದೆವ್ವಕ್ಕಾದರೂ ಬಾಡಿಗೆ ಕಟ್ಟೋದಿರಲಿಲ್ಲ" ಅಂದ. ಇಂಥ ಜಗಳಕ್ಕೆಂದೇ 2007ರಲ್ಲಿ ಬ್ಯಾಸ್ಕೆಟ್‌ಬಾಲಿನ ಜಾಗತಿಕ ಸಂಸ್ಥೆ ಫಿಬಾ ಒಂದು ಪಂಚಾಯ್ತಿ ಕಟ್ಟೆ ಮಾಡಿದೆ, ಜಿನೀವಾದಲ್ಲಿ. ಅದರ ತೀರ್ಪಿನ ಪ್ರಕಾರ ದುಡ್ಡು ಕೊಡದ ಕ್ಲಬ್ ಹೊಸ ಆಟಗಾರರನ್ನು ಸೇರಿಸಿಕೊಳ್ಳದಂತೆ ಫಿಬಾ ತಡೆಯಬಹುದು. ಇವನ ದುಡ್ಡು ಬಂತು, ಒಂದೂವರೆ ವರ್ಷ ತಡವಾಗಿ. ಅಷ್ಟರಲ್ಲಿ ಇವನು ಮತ್ತೆರಡು ದೇಶ ದಾಟಿದ್ದ.

ಫೆಬ್ರವರಿಯಲ್ಲಿ ಕ್ಲಬ್ ಇನ್ನೊಬ್ಬ ಹೊರದೇಶದವನನ್ನು ತಂದಿತು. ಜರ್ಮನಿಯ ಮೇಲಿನ ಲೀಗ್‌ನಲ್ಲಿ ಪಂದ್ಯಕ್ಕೆ 12 ಜನರ ಪಟ್ಟಿ, ಅದರಲ್ಲಿ ಹೊರಗಿನವರು ಆರೇ ಮಂದಿ. ಉದ್ದಣ್ಣ ಏಳನೆಯವನಾದ. ಸೂಟ್ ಹಾಕಿಕೊಂಡು ಕೂತು ಚಪ್ಪಾಳೆ ತಟ್ಟುವ ಕೆಲಸ. "ಸಂಬಳ ಬರುತ್ತೆ, ಆಟ ಇಲ್ಲ" ಅಂದ. ನಮ್ಮ ಬೆಂಗಳೂರಿನ ಕಂಪನಿಗಳಲ್ಲಿ ಪ್ರಾಜೆಕ್ಟ್ ಇಲ್ಲದೆ ಬೆಂಚ್ ಮೇಲೆ ಕೂತ ಎಂಟು ತಿಂಗಳು ನನಗೆ ಚೆನ್ನಾಗಿ ನೆನಪಿದೆ. ಆದರೆ ಅಲ್ಲಿ ನಿಜವಾದ ಬೆಂಚು ಇರಲಿಲ್ಲ. ಇವನಿಗಿತ್ತು.

ಮೇ ತಿಂಗಳಲ್ಲಿ ಎರಡು ಬ್ಯಾಗ್ ಹೊತ್ತು ಹೊರಟ. ವಿಮಾನ ನಿಲ್ದಾಣಕ್ಕೆ ಅವನೇ ಡ್ರೈವ್ ಮಾಡಿದ, ಒಂದು ಸಲವೂ ಗಾಡಿ ಆಫ್ ಆಗಲಿಲ್ಲ. ಮುಂದಿನ ಊರು ಜಪಾನಿನಲ್ಲಂತೆ. ಅಲ್ಲಿ ಎಲ್ಲ ಆಟೊಮ್ಯಾಟಿಕ್ ಅಂತ ಬೇಜಾರು ಮಾಡಿಕೊಂಡ. ಹೆಂಡತಿ ಕಟ್ಟಿಕೊಟ್ಟ ಚಟ್ನಿಪುಡಿಯನ್ನು ಬೂಟಿನೊಳಗೆ ಇಟ್ಟುಕೊಂಡ. ಒಂದು ಕೆಜಿ, ಒಂದೇ ಬೂಟಿನಲ್ಲಿ ಹಿಡಿಯಿತು.

ಆಗಸ್ಟ್‌ನಲ್ಲಿ ಕಾರಿನ ಬಾಗಿಲ ಮೇಲಿನ ಸ್ಟಿಕ್ಕರ್ ಬದಲಾಗಿತ್ತು. ಅದಾದ ಮೂರನೆಯ ದಿನ ಯಾರೋ ಬಾಗಿಲು ತಟ್ಟಿದರು. ತೆರೆದೆ. ಎದೆ ಕಾಣಿಸಿತು. ಕೈಯಲ್ಲಿ ಕೀ ಇತ್ತು.

"ಭಾನುವಾರ ಬೆಳಿಗ್ಗೆ ಹತ್ತಕ್ಕೆ" ಅಂದೆ. "ಮೊದಲು ಆ ಸೂಟ್‌ಕೇಸ್ ತಗೊಂಡು ಹೋಗು."