ಸರ್ವಾನುಮತಕ್ಕೆ ಗೋಳಿಬಜೆ

ಪೇಪರಿನಲ್ಲಿ ಓದಿಯೇ ಇರುತ್ತೀರಿ: ‘ಮಂಡಿಸಿದ ಎಲ್ಲ ನಿರ್ಣಯಗಳೂ ಸರ್ವಾನುಮತದಿಂದ ಅಂಗೀಕಾರ.’ ನಮ್ಮ ಕಾಸರಗೋಡಿನ ಸಭೆಗಳಲ್ಲಿ ಭಿನ್ನಮತ ಬರುವುದು ಚಹಾಕ್ಕೆ ಸಕ್ಕರೆ ಹಾಕುವ ವಿಷಯದಲ್ಲಿ ಮಾತ್ರ. ಇಂಥ ಒಗ್ಗಟ್ಟು ದೆಹಲಿಯಲ್ಲೂ ಇಲ್ಲ. ಆದರೂ ವೇದಿಕೆಯ ಗಣ್ಯರಿಗೊಂದು ಸಣ್ಣ ಪರೀಕ್ಷೆ ಇಡುವ.

ಮೊದಲು ಕೋರಂ, ಎಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ. ಕೇರಳದ 1994ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮಸಭೆಗೆ ವಾರ್ಡಿನ ಮತದಾರರಲ್ಲಿ ಶೇ. 10 ಮಂದಿ ಬೇಕು. 1,400 ಮತದಾರರಿದ್ದರೆ 140 ತಲೆ. ಶಾಲೆಯ ಹಾಲಿನಲ್ಲಿರುವುದು ಮೂವತ್ತೆರಡು. ಅದರಲ್ಲಿ ಮೈಕಿನ ಹುಡುಗನೂ ಸೇರಿದ್ದಾನೆ. ಮೂರು ತಿಂಗಳಿಗೊಮ್ಮೆಯಾದರೂ ಸಭೆ ಆಗಬೇಕು, ಸತತ ಎರಡು ಸಲ ಕರೆಯದಿದ್ದರೆ ಮೆಂಬರರ ಕುರ್ಚಿಗೇ ಸಂಚಕಾರ. ಹಾಗಾಗಿ ಸಭೆ ಕರೆಯುವುದು ತಪ್ಪುವುದಿಲ್ಲ, ಜನ ಬರುವುದು ತಪ್ಪುತ್ತದೆ. ಆಗ ಹಾಜರಿ ಪುಸ್ತಕಕ್ಕೆ ಕಾಲು ಬರುತ್ತದೆ. ಸಭೆ ಮುಗಿದ ಮೇಲೆ ಮನೆಮನೆ ತಿರುಗಿ ಉಳಿದ ನೂರೆಂಟು ಮಂದಿಯನ್ನು ‘ಹಾಜರು’ ಮಾಡಿಕೊಂಡು ಬರುತ್ತದೆ.

ಎರಡನೆಯದು ತಿದ್ದುಪಡಿ. ಸಂಘದ ಚಂದಾ 100ರಿಂದ 200 ಆಗಲಿ ಎಂದು ಸೂಚಕರು ಹೇಳಿದರು, ಅನುಮೋದಕರೂ ಸಿಕ್ಕಿದರು. 150 ಸಾಕು ಎಂದು ಇನ್ನೊಬ್ಬರ ತಿದ್ದುಪಡಿ. ಮೊದಲು ಮತ ಯಾವುದಕ್ಕೆ? ತಿದ್ದುಪಡಿಗೆ. ಅದು ಗೆದ್ದರೆ ಚಂದಾ 150 ಆಯಿತೇ? ಇಲ್ಲ ಸ್ವಾಮಿ, ತಿದ್ದಿದ ನಿರ್ಣಯಕ್ಕೆ ಮತ್ತೊಮ್ಮೆ ಮತ ಹಾಕಬೇಕು. ಅದು ಬಿದ್ದರೆ ಹಳೆಯ ನೂರೇ ಗಟ್ಟಿ. ಈ ಎರಡನೆಯ ಮತ ಯಾರಿಗೂ ನೆನಪಿರುವುದಿಲ್ಲ, ಅಷ್ಟರಲ್ಲಿ ಗೋಳಿಬಜೆಯ ಪರಿಮಳ ಬಂದಿರುತ್ತದೆ. ಕ್ರಿಯಾಲೋಪ, ಅಂದರೆ ನಿಯಮ ತಪ್ಪಿತೆಂಬ ಆಕ್ಷೇಪ, ಎತ್ತಿದವನಿಗೆ ಅಧ್ಯಕ್ಷರು ಕೂಡಲೇ ರೂಲಿಂಗ್ ಕೊಡಬೇಕೆಂಬುದು ನಿಯಮ. ಇಲ್ಲಿ ಸಿಗುವ ರೂಲಿಂಗ್ ಒಂದೇ: “ನೀವು ಕೂತುಕೊಳ್ಳಿ ಮಾರಾಯ್ರೆ, ಅದನ್ನು ಮತ್ತೆ ಮಾತಾಡುವ.”

ಮೇಜಿನ ಕತೆಯೂ ಉಂಟು. ಹೆನ್ರಿ ರಾಬರ್ಟ್ ಎಂಬ ಅಮೆರಿಕದ ಸೇನಾ ಎಂಜಿನಿಯರ್ 1876ರಲ್ಲಿ ಸಭಾ ನಿಯಮಗಳ ಪುಸ್ತಕ ಬರೆದ. ಅವನ ಲೆಕ್ಕದಲ್ಲಿ ‘ಮೇಜಿನ ಮೇಲಿಡುವುದು’ ಎಂದರೆ ಸದ್ಯಕ್ಕೆ ಬದಿಗಿಡುವುದು. ಬ್ರಿಟಿಷರಿಂದ ಕಲಿತ ನಮಗೆ ಅದೇ ಮಾತಿನ ಅರ್ಥ ಸದನದ ಮುಂದಿಡುವುದು. ಎರಡರಲ್ಲಿ ಯಾವುದು ಸರಿ? ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರದವರನ್ನು ಕೇಳಿ. ಆ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ವಿವಾದದ ಮಹಾಜನ ಆಯೋಗದ ವರದಿ 1967ರಲ್ಲೇ ಹೇಳಿತ್ತು, ಇವತ್ತಿಗೂ ಅದು ಜಾರಿಯಾಗಿಲ್ಲ. ಮೇಜಿಗೆ ಎರಡೂ ಅರ್ಥ ಹೊಂದುತ್ತದೆಂದು ಅವರಷ್ಟು ಚೆನ್ನಾಗಿ ರಾಬರ್ಟನಿಗೂ ಗೊತ್ತಿರಲಿಕ್ಕಿಲ್ಲ.

ಕೊನೆಯ ಪ್ರಶ್ನೆ ನಡಾವಳಿಯದು. ಏನು ತೀರ್ಮಾನವಾಯಿತು, ಸೂಚಕರು ಯಾರು, ಅನುಮೋದಕರು ಯಾರು, ಮತ ಎಷ್ಟು ಎಂದು ಬರೆದು, ಮುಂದಿನ ಸಭೆಯಲ್ಲಿ ಓದಿ, ತಪ್ಪಿದ್ದರೆ ತಿದ್ದಿ, ಆಮೇಲೆ ಅಧ್ಯಕ್ಷರು ಸಹಿ ಹಾಕಬೇಕು. ಓದಬೇಕು ಎಂಬಲ್ಲಿಗೆ ನನ್ನ ತಮಾಷೆ ನಿಲ್ಲುತ್ತದೆ. ಇಲ್ಲಿನ ಕನ್ನಡಿಗರು ಸರಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸಬಹುದೆಂದು ಕೇರಳದ 1969ರ ಭಾಷಾ ಕಾಯ್ದೆಯೇ ಹೇಳುತ್ತದೆ. ಆದರೂ ನೋಟೀಸು ಮಲಯಾಳದಲ್ಲಿ, ನಡಾವಳಿ ಮಲಯಾಳದಲ್ಲಿ, ಮನೆ ಯಾರಿಗೆ ಮಂಜೂರಾಗಬೇಕೆಂಬ ಪಟ್ಟಿಯೂ ಮಲಯಾಳದಲ್ಲಿ. ಎಷ್ಟು ಸಲ ಹೇಳುವುದು? ಹೇಳಿ ಹೇಳಿ ಬಾಯಿ ಸೋತಿದೆ. ಕನ್ನಡ ಮಾತ್ರ ಓದಬಲ್ಲ ಅಜ್ಜಿಯ ಜಗಲಿಗೆ ಆ ಹಾಜರಿ ಪುಸ್ತಕ ಬರುತ್ತದೆ. ಪಟ್ಟಿಯಲ್ಲಿ ತನ್ನ ಹೆಸರು ಉಂಟೋ ಇಲ್ಲವೋ ಅವರಿಗೆ ಗೊತ್ತಾಗುವುದಿಲ್ಲ. ಸಹಿ ಎಲ್ಲಿ ಹಾಕಬೇಕೆಂದು ಮಾತ್ರ ಬೆರಳಿಟ್ಟು ತೋರಿಸುತ್ತಾರೆ.